ಹಗ್ಗದ ಆ ತುದಿಯಲ್ಲಿದ್ದವರು

ಬುಧವಾರ, ಸಂಜೆ
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಅಮ್ಮಾ,

ಎಲ್ಲರೂ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಕನ್ನಡಕ ಏರಿಸಿಕೊಂಡು ನೇರವಾಗಿ ಕೊನೆಯ ಪುಟಕ್ಕೆ ಹಾರಿ, ಯಾರಿಗೆ ಏನಾಯಿತೋ ಅಂತ ಹುಡುಕಲು ಶುರುಮಾಡುತ್ತೀಯ. ಈ ಸಲ ಹಾಗೆ ಮಾಡಬೇಡ. ಮೊದಲಿನಿಂದ, ಸಾಲು ಬಿಡದೆ ಓದು. ಅತ್ತಿಗೆ ಏನು ಪತ್ರ ಅಂತ ಕೇಳಿದರೆ ಪುಟ್ಟಿಯ ಶಾಲೆಯ ಸುದ್ದಿ ಅಂತ ಹೇಳು.

ಹೋದ ವಾರ ಫೋನಿನಲ್ಲಿ ನೀನು, ಅಳಿಯಂದಿರ ದನಿ ಯಾಕೋ ಸಪ್ಪಗಿದೆಯಲ್ಲ, ಜಗಳ ಗಿಗಳ ಏನಾದರೂ ಆಯಿತಾ ಅಂತ ಕೇಳಿದೆ. ಆಗ ಇವರು ಅಲ್ಲೇ ಎದುರಿಗೆ ಕೂತು ಪೇಪರು ಓದುವ ನಾಟಕ ಆಡುತ್ತಿದ್ದರು. ಪೇಪರು ಓದುವವರು ಒಮ್ಮೆಯಾದರೂ ಪುಟ ತಿರುಗಿಸುತ್ತಾರೆ. ಇವರು ತಿರುಗಿಸಲಿಲ್ಲ. ಅದಕ್ಕೇ ನಾನು ನೆಗಡಿ ಅಂದುಬಿಟ್ಟೆ. ನೆಗಡಿಯಲ್ಲ ಅಮ್ಮಾ, ಹಗ್ಗಜಗ್ಗಾಟ.

ನಗಬೇಡ, ಪೂರ್ತಿ ಕೇಳು. ನಾವಿಬ್ಬರೂ ಒಂದೇ ಸಾಬೂನು ಕಾರ್ಖಾನೆಯಲ್ಲಿದ್ದರೂ ನಮ್ಮ ಕೆಲಸ ಬೇರೆ ಬೇರೆ ಅಂತ ನಿನಗೆ ಗೊತ್ತು. ನಾನು ಒಳಗೆ ಪ್ಯಾಕಿಂಗಿನಲ್ಲಿ. ಬೆಲ್ಟಿನ ಮೇಲೆ ಸಾಲಾಗಿ ಬರುವ ಸಾಬೂನನ್ನು ನಾವು ಹೆಂಗಸರು ಪೆಟ್ಟಿಗೆಗೆ ತುಂಬಿ ಟೇಪು ಹಾಕಿ ಬಾಗಿಲಿಗೆ ತಳ್ಳುತ್ತೇವೆ. ಆ ಬಾಗಿಲಿನಾಚೆ ಲೋಡಿಂಗು. ಅಲ್ಲಿಯ ಗಂಡಸರು ಪೆಟ್ಟಿಗೆಗಳನ್ನು ಎತ್ತಿ ಲಾರಿಗೆ ಏರಿಸುತ್ತಾರೆ, ಇವರು ಅವರಿಗೆಲ್ಲ ಮುಖಂಡರು. ನಮ್ಮ ಮದುವೆಯ ಮಾತು ಮೊದಲು ನಡೆದದ್ದೂ ಆ ಬಾಗಿಲಲ್ಲೇ, ಒಂದು ಒಡೆದ ಪೆಟ್ಟಿಗೆಯ ವಿಷಯಕ್ಕೆ ಜಗಳ ಆಡುತ್ತಾ.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಆಟೋಟದ ದಿನ ಇರುತ್ತದೆ. ಹಗ್ಗಜಗ್ಗಾಟದ ಟ್ರೋಫಿ ಯಾವಾಗಲೂ ಲೋಡಿಂಗಿನವರದ್ದೇ. ಅವರ ಶೆಡ್ಡಿನ ಕಿಟಕಿಯಲ್ಲಿ ಅದು ಧೂಳು ತಿನ್ನುತ್ತಾ ಕೂತಿರುತ್ತದೆ, ಒರೆಸುವ ದಿಕ್ಕಿಲ್ಲ. ಹೆಂಗಸರಿಗೆ ಬೇರೆ ಪಂದ್ಯ. ಈ ಸಲ ನಮ್ಮೆದುರು ಎಳೆಯಬೇಕಾಗಿದ್ದ ಆಫೀಸಿನ ಹೆಂಗಸರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ಉಗುರು ಮುರಿಯುತ್ತದಂತೆ. ಮ್ಯಾನೇಜರ್ ಸಾಹೇಬರಿಗೆ ಮೈಕು ಕೈಗೆ ಸಿಕ್ಕರೆ ನಾಲಗೆ ನಿಲ್ಲುವುದಿಲ್ಲ. ಪ್ಯಾಕಿಂಗಿನವರು ಲೋಡಿಂಗಿನವರ ಎದುರಿಗೇ ಎಳೆಯಲಿ, ಗೆದ್ದರೆ ಟ್ರೋಫಿ ಅವರಿಗೇ ಅಂತ ತಮಾಷೆಗೆ ಹೇಳಿದರು. ಮೈದಾನವೆಲ್ಲ ನಕ್ಕಿತು. ನಮ್ಮ ದೊಡ್ಡಕ್ಕ ಮಾತ್ರ ನಗಲಿಲ್ಲ. ಬೆಲ್ಟಿನ ಮೊದಲ ಜಾಗದಲ್ಲಿ ನಿಲ್ಲುವ ಹಿರಿಯರು ಅವರು. ಎದ್ದು ನಿಂತು, ಕೈ ಒರೆಸಿಕೊಂಡು, ಬನ್ರೇ ಅಂದರು. ನಾವು ಎದ್ದೆವು.

ಎರಡು ಕಡೆಯೂ ಎಂಟೆಂಟು ಜನ. ನನ್ನನ್ನು ಕೊನೆಗೆ ನಿಲ್ಲಿಸಿದರು. ಲಂಗಕ್ಕೆ ವರ್ಷವರ್ಷವೂ ಅಂಚು ಬಿಚ್ಚಿ ಬಿಚ್ಚಿ ಬೇಸತ್ತು ನೀನು ಬೈಯುತ್ತಿದ್ದೆಯಲ್ಲ, ಆ ಎತ್ತರಕ್ಕೆ ಅಂತೂ ಒಂದು ಉಪಯೋಗ ಬಂತು. ಕೊನೆಯವರು ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಳ್ಳಬೇಕು, ನಮ್ಮ ಕಾರ್ಖಾನೆಯ ನಿಯಮ ಅದು. ಅವರ ಕಡೆ ಎಲ್ಲರಿಗಿಂತ ಮುಂದೆ ಇವರು ನಿಂತಿದ್ದರು. ಹಾಗಾಗಿ ಹಿಂದಕ್ಕೆ ವಾಲಿಕೊಂಡು ಹಗ್ಗದ ನೇರಕ್ಕೆ ಕಣ್ಣಿಟ್ಟರೆ ನನಗೆ ಮೊದಲು ಕಾಣುವ ಮುಖ ಇವರದ್ದೇ. ಸೀಟಿ ಊದುವ ಮೊದಲು ನನ್ನನ್ನು ನೋಡಿ ಹುಬ್ಬು ಹಾರಿಸಿದರು. ನಾನೂ ಹಾರಿಸಿದೆ. ಮನೆಗೆ ಹೋಗಿ ಇದನ್ನೆಲ್ಲ ಹೇಳಿಕೊಂಡು ನಗಬಹುದು ಅಂದುಕೊಂಡಿದ್ದೆ.

ಆಮೇಲೆ ಏನಾಯಿತು ಅಂತ ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಮೊದಲು ನಾವು ಎರಡು ಹೆಜ್ಜೆ ಮುಂದೆ ಜಾರಿದೆವು, ಜನ ಸಿಳ್ಳೆ ಹೊಡೆದರು. ಆಮೇಲೆ ನಿಂತೆವು. ಆಮೇಲೆ ಹಗ್ಗ ನಮ್ಮ ಕಡೆಗೆ ಬರತೊಡಗಿತು. ಸ್ವಲ್ಪ, ಮತ್ತೆ ಸ್ವಲ್ಪ. ಯಾರೂ ಕೂಗಲಿಲ್ಲ, ಯಾರೂ ಎಣಿಸಲಿಲ್ಲ. ಅವರ ಕಡೆಯಿಂದ ಮಾತ್ರ ಹೂಂ, ಹಾಂ, ಎಳಿ, ಹಿಡಿ ಅಂತ ಒಂದೇ ಗಲಾಟೆ. ಇವರ ಕಾಲು ಜಾರಿತು, ಮಂಡಿಯೂರಿ ಬಿದ್ದರು, ಹಗ್ಗ ಸರ್ರನೆ ನಮ್ಮತ್ತ ಬಂತು, ನಾವೆಂಟೂ ಜನ ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದೆವು. ಎಲ್ಲರ ಭಾರವೂ ನನ್ನ ಮೇಲೆ. ಆದರೂ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಮೈದಾನದಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೋಡಿಂಗಿನಲ್ಲಿ ಒಬ್ಬ ಇದ್ದಾನೆ, ದನಿ ದೊಡ್ಡದು, ಎಲ್ಲರೂ ಗುಡುಗು ಅಂತಲೇ ಕರೆಯುತ್ತಾರೆ. ಅವನು ಎದ್ದು ಪ್ಯಾಂಟು ಕೊಡವಿಕೊಂಡು, ಹೆಂಡತಿ ಮುಖ ನೋಡಿ ಕೈ ಬಿಟ್ಟರು ಕಣ್ರೋ ನಮ್ಮ ಯಜಮಾನ್ರು ಅಂದ. ಎಲ್ಲರಿಗೂ ಉಸಿರು ಬಂದಂತಾಯಿತು. ಮ್ಯಾನೇಜರ್ ಮೈಕಿನಲ್ಲಿ ಅದನ್ನೇ ಇನ್ನೊಂದು ಸಲ ಹೇಳಿ ನಗಿಸಿದರು. ಇವರು ಏನು ಮಾಡಿದರು ಗೊತ್ತಾ? ಎರಡೂ ಕೈ ಜೇಬಿಗೆ ಹಾಕಿಕೊಂಡು ಮುಗುಳ್ನಕ್ಕರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ನಾವು ಕೈಕಾಲು ತೊಳೆಯಲು ಹೋದಾಗ ಹೆಂಗಸರೆಲ್ಲ ಸಾಬೂನು ಮುಟ್ಟಿದ್ದೇ ತಡ ಉರಿ ಉರಿ ಅಂತ ಕುಣಿದರು. ಅಂಗೈಗಳೆಲ್ಲ ಕೆಂಪಾಗಿ ಸುಲಿದಿದ್ದವು. ಒಬ್ಬರದನ್ನು ಒಬ್ಬರು ನೋಡಿ ಹೆಮ್ಮೆಪಟ್ಟರು. ನನಗೆ ಸೊಂಟದಲ್ಲಿ ಹಗ್ಗದ ಬರೆ ಎದ್ದಿತ್ತು ಅಷ್ಟೆ. ಟೇಪು ಕಿತ್ತು ಕಿತ್ತು ನಿನ್ನ ಕೈ ಚರ್ಮ ದಪ್ಪವಾಗಿದೆ ಕಣೆ ಅಂತ ದೊಡ್ಡಕ್ಕ ಅಂದರು.

ಆ ಸಂಜೆ ಮನೆಯಲ್ಲಿ ನಾನು ಕೇಳಿಯೇಬಿಟ್ಟೆ. ನಿಜ ಹೇಳಿ, ಬಿಟ್ಟುಕೊಟ್ರಾ ಅಂತ. ಇವರು, ನಿನಗೇನನ್ನಿಸುತ್ತೆ ಅಂದರು. ನನಗೇನು ಅನ್ನಿಸುತ್ತೆ ಅಂತ ಗೊತ್ತಿದ್ದರೆ ನಾನು ಯಾಕೆ ಕೇಳುತ್ತಿದ್ದೆ ಹೇಳು. ಅಷ್ಟು ಕೇಳಿದ್ದಕ್ಕೇ ಮುಖ ತಿರುಗಿಸಿಕೊಂಡು ಬಾಲ್ಕನಿಗೆ ಹೋಗಿ ನಿಂತರು. ಅವತ್ತಿನಿಂದ ನಮ್ಮ ಮಾತೆಲ್ಲ ಪುಟ್ಟಿಯ ಮೂಲಕ. ಪುಟ್ಟಿ, ನಿಮ್ಮಮ್ಮನಿಗೆ ಹೇಳು ಗ್ಯಾಸ್ ಮುಗಿದಿದೆ. ಪುಟ್ಟಿ, ನಿಮ್ಮಪ್ಪನಿಗೆ ಹೇಳು ನನಗೂ ಕಣ್ಣಿದೆ. ಆ ಮಗು ಎರಡು ದಿನ ಸಂಭ್ರಮದಿಂದ ಆ ಕೋಣೆಗೂ ಈ ಕೋಣೆಗೂ ಓಡಾಡಿತು. ಮೂರನೆಯ ದಿನ, ನೀವಿಬ್ಬರೂ ನಮ್ಮ ಕ್ಲಾಸಿನಲ್ಲಿದ್ದಿದ್ದರೆ ಮಿಸ್ ಗೋಡೆ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದರು ಅಂದಿತು.

ಮನೆಯಲ್ಲಿ ಹೀಗಾದರೆ ಕೆಲಸದಲ್ಲಿ ಇನ್ನೊಂದು ಬಗೆ. ಗೆದ್ದ ಮರುದಿನ ನಾವು ಟ್ರೋಫಿಯನ್ನು ಚೆನ್ನಾಗಿ ತಿಕ್ಕಿ, ಚಹಾದ ಸಕ್ಕರೆ ತುಂಬಿ ಬೆಲ್ಟಿನ ಪಕ್ಕದ ಗೂಡಿನಲ್ಲಿಟ್ಟಿದ್ದೆವು. ಯಾರು ಚಹಾ ಕುಡಿಯಲು ಬಂದರೂ ಟ್ರೋಫಿಯಿಂದಲೇ ಸಕ್ಕರೆ. ಎರಡು ದಿನ ಕಳೆಯುವಷ್ಟರಲ್ಲಿ ಗುಡುಗಿನ ಮಾತು ಕಾರ್ಖಾನೆಯ ಮೂಲೆಮೂಲೆಗೂ ಹೋಗಿತ್ತು. ಸಕ್ಕರೆ ಹಾಕಿಕೊಳ್ಳುವವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸತೊಡಗಿದರು. ದೊಡ್ಡಕ್ಕ ಒಂದು ದಿನ ಸಕ್ಕರೆಯನ್ನೆಲ್ಲ ಹಳೆಯ ಡಬ್ಬಿಗೆ ಸುರಿದುಬಿಟ್ಟರು. ನಿನ್ನ ಗಂಡ ದಾನ ಮಾಡಿದ ಟ್ರೋಫಿ ನಮಗೆ ಬೇಡಮ್ಮ, ನಾವೆಲ್ಲ ಕೈ ಸುಲಿದುಕೊಂಡಿದ್ದು ನಿಮ್ಮಿಬ್ಬರ ಸರಸಕ್ಕಲ್ಲ ಅಂದರು. ಕೋಪದಲ್ಲಿ ಅನ್ನಲಿಲ್ಲ, ಬೇಜಾರಿನಲ್ಲಿ ಅಂದರು. ಅದೇ ನನಗೆ ಹೆಚ್ಚು ನೋವಾಯಿತು. ಮ್ಯಾನೇಜರ್ ಕೂಡ, ಅದು ತಮಾಷೆಯ ಪಂದ್ಯ, ಲೆಕ್ಕಕ್ಕಿಲ್ಲ, ಸೋಮವಾರ ಟ್ರೋಫಿ ಲೋಡಿಂಗಿಗೆ ವಾಪಸು ಕೊಟ್ಟುಬಿಡಿ ಅಂದರು.

ಅಮ್ಮಾ, ನಾನು ಶಾಲೆಯಲ್ಲಿ ಒಂದು ಚಮಚ ನಿಂಬೆಹಣ್ಣಿನ ಓಟದಲ್ಲೂ ಗೆದ್ದವಳಲ್ಲ. ಇದೊಂದು ಗೆದ್ದಿದ್ದೆ. ಈಗ ಅದು ನನ್ನದೋ ಅಲ್ಲವೋ ಅಂತಲೇ ಗೊತ್ತಿಲ್ಲ. ಇವರು ಒಂದೇ ಒಂದು ಮಾತು, ಇಲ್ಲ, ನಾನು ಬಿಡಲಿಲ್ಲ ಅಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆ ಮಾತು ಇವರ ಬಾಯಿಂದ ಯಾಕೆ ಬರುತ್ತಿಲ್ಲ? ನಿಜವಾಗಿಯೂ ಬಿಟ್ಟರಾ? ನನಗೆ ಕೋಪಕ್ಕಿಂತ ಕುತೂಹಲವೇ ಜಾಸ್ತಿಯಾಯಿತು. ನಿನ್ನ ಯಾಕೆಗೆ ಕೊನೆಯೇ ಇಲ್ಲ ಅಂತ ನೀನು ಬೈಯುತ್ತಿದ್ದೆಯಲ್ಲ, ಆ ಯಾಕೆ ಮತ್ತೆ ತಲೆಗೆ ಹತ್ತಿಕೊಂಡಿತು.

ನನಗೆ ಗೊತ್ತಿದ್ದ ಸೋಲು ನಿನ್ನದು ಮಾತ್ರ. ಅಪ್ಪ ಇದ್ದಾಗ ಪ್ರತಿ ಭಾನುವಾರ ಮಧ್ಯಾಹ್ನ ನೀವಿಬ್ಬರೂ ಇಸ್ಪೀಟು ಆಡುತ್ತಿದ್ದಿರಿ, ಪ್ರತಿ ಭಾನುವಾರವೂ ನೀನೇ ಸೋಲುತ್ತಿದ್ದೆ. ಸೋತು, ನಗುತ್ತಾ ಎದ್ದು ಚಹಾ ಮಾಡಲು ಹೋಗುತ್ತಿದ್ದೆ. ಸೋತವರು ಹೀಗೇ ಇರುತ್ತಾರೆ ಅಂದುಕೊಂಡು ಬೆಳೆದವಳಿಗೆ ಇವರ ಮುಖ ಅರ್ಥವಾಗುವುದಾದರೂ ಹೇಗೆ?

ಇವರ ಮುನಿಸೂ ವಿಚಿತ್ರವಾಗಿತ್ತು. ಪುಟ್ಟಿಗೆ ಬೆಳಿಗ್ಗೆ ಜಡೆ ಹಾಕುವುದು ಇವರ ಕೆಲಸ. ನನ್ನ ಕೈಗೆ ನೇರ ಜಡೆ ಬರುವುದಿಲ್ಲ, ಇವರದು ಹಗ್ಗ ಹೊಸೆದಂತೆ ಇರುತ್ತದೆ. ಪಂದ್ಯದ ಮರುದಿನ, ಇವತ್ತಿನಿಂದ ಅಮ್ಮನ ಹತ್ತಿರ ಹಾಕಿಸಿಕೋ ಅಂದರು. ಪುಟ್ಟಿ ವಾರವೆಲ್ಲ ವಕ್ರ ಜಡೆಯಲ್ಲಿ ಶಾಲೆಗೆ ಹೋಯಿತು, ಹೋಗುವಾಗ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡುತ್ತಿತ್ತು. ಪಾತ್ರೆ ತೊಳೆಯುವುದೂ ಇವರದೇ ಪಾಳಿ. ಅದನ್ನೂ ಬಿಟ್ಟರು. ನಾನು ಹಟಕ್ಕೆ ಬಿದ್ದು ತೊಳೆಯಲಿಲ್ಲ, ತೊಟ್ಟಿಯಲ್ಲಿ ತಟ್ಟೆಗಳು ಗೋಪುರವಾದವು. ಗಂಡಸಿನ ಅಹಂಕಾರ, ಹೆಂಗಸರ ಕೈಲಿ ಸೋತಿದ್ದಕ್ಕೆ ಹೆಂಗಸರ ಕೆಲಸ ಬೇಡವಾಯಿತು ಅಂತ ಮೊದಲು ತೀರ್ಮಾನಿಸಿದ್ದೆ. ಸಿಟ್ಟು ಬಂದಾಗ ಅಷ್ಟು ತೀರ್ಮಾನಿಸುವುದು ಸುಲಭ.

ಆದರೆ ಲೆಕ್ಕ ಕೂಡಲಿಲ್ಲ. ಇವರು ಕಸ ಗುಡಿಸಿದರು, ಪೊರಕೆಯನ್ನು ಬೆರಳ ತುದಿಯಲ್ಲಿ ಹಿಡಿದು. ಪುಟ್ಟಿಯ ಅಂಗಿಗೆ ಗುಂಡಿ ಹೊಲಿದರು. ಅವಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದರು. ಮುನಿಸಿಕೊಂಡವರು ಎಲ್ಲದಕ್ಕೂ ಮುನಿಸಿಕೊಳ್ಳಬೇಕು ತಾನೆ? ಇವರದು ಆರಿಸಿ ಆರಿಸಿ ಮುನಿಸಿಕೊಂಡಂತಿತ್ತು. ನಾನು ಪರೀಕ್ಷೆ ಮಾಡಲು ಶುರುಮಾಡಿದೆ. ಜಾಮಿನ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ಪುಟ್ಟಿಯ ಕೈಲಿ ಕಳಿಸಿದೆ. ಅಂಗಡಿಗೆ ವಾಪಸು ಕೊಡು, ಮುಚ್ಚಳ ಸರಿಯಿಲ್ಲ ಅಂತ ಉತ್ತರ ಬಂತು. ಒದ್ದೆ ಟವೆಲು ಹಿಂಡಿ ಹಾಕಲು ಹೇಳಿ ಕಳಿಸಿದೆ. ಹಿಂಡದೆ ಹಾಗೇ ನೇತುಹಾಕಿದರು, ಬಾಲ್ಕನಿಯೆಲ್ಲ ನೀರು. ಚಹಾದ ಲೋಟವನ್ನು ಬೇಕೆಂದೇ ಬಿಸಿಯಾಗಿ ಕೊಟ್ಟೆ. ಮಣಿಕಟ್ಟುಗಳ ನಡುವೆ ಸಿಕ್ಕಿಸಿಕೊಂಡು ಅಳಿಲಿನ ಹಾಗೆ ಕುಡಿದರು. ಕಾರ್ಖಾನೆಯಲ್ಲೋ, ಯಾವತ್ತೂ ಗ್ಲೌಸು ಕಂಡರಾಗದ ಲೋಡಿಂಗಿನವರೆಲ್ಲ ಆ ವಾರ ಗ್ಲೌಸು ಹಾಕಿಕೊಂಡು ಓಡಾಡುತ್ತಿದ್ದರು. ಕೊನೆಗೂ ನಮ್ಮ ಜನಕ್ಕೆ ಸುರಕ್ಷತೆಯ ಬುದ್ಧಿ ಬಂತು ಅಂತ ಮ್ಯಾನೇಜರ್ ನೋಟೀಸು ಬೋರ್ಡಿನಲ್ಲಿ ಅಭಿನಂದನೆ ಬೇರೆ ಹಾಕಿದರು.

ಶುಕ್ರವಾರ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಬೆಲ್ಟನ್ನು ಒಂದು ಕಡೆ ಜೋಡಿಸಿದ್ದಾರೆ. ಆ ಜೋಡಣೆ ಉರುಳೆಯ ಮೇಲೆ ಹಾಯುವಾಗೆಲ್ಲ ಟಕ್ ಅನ್ನುತ್ತದೆ. ಟಕ್ ಅಂದಾಗ ಒಂದು ಸಾಲು ಸಾಬೂನು ಬಂತು ಅಂತ ಅರ್ಥ, ಪೆಟ್ಟಿಗೆ ಹಿಂದಕ್ಕೆ ಎಳೆದುಕೊಳ್ಳಬೇಕು. ಇಷ್ಟು ವರ್ಷ ಅದನ್ನು ಕೇಳಿ ಕೇಳಿ ಈಗ ನಮಗೆ ಅದು ಕೇಳಿಸುವುದೇ ಇಲ್ಲ. ಅವತ್ತು ಬೆಲ್ಟು ಕೆಟ್ಟು ನಿಂತಿತು, ರಿಪೇರಿಯವರು ಬರುವವರೆಗೆ ನಾವು ನಿಂತಲ್ಲೇ ಮಾತಾಡುತ್ತಿದ್ದೆವು. ನಾನು ನೀರು ಕುಡಿಯಲು ಹೋದವಳು ದೂರದಿಂದ ತಿರುಗಿ ನೋಡಿದೆ. ಇಲ್ಲದ ಆ ಟಕ್ಕಿಗೆ ಏಳೂ ಜನ ಒಟ್ಟಿಗೆ ಹಿಂದಿನ ಕಾಲಿಗೆ ಭಾರ ಹಾಕುತ್ತಿದ್ದರು. ಮತ್ತೆ ಮುಂದೆ, ಮತ್ತೆ ಹಿಂದೆ. ಮಾತಾಡುತ್ತಲೇ, ನಗುತ್ತಲೇ, ಯಾರಿಗೂ ತಿಳಿಯದೆ. ನನ್ನ ಕಾಲು ನೋಡಿಕೊಂಡೆ. ನನ್ನದೂ ಹಾಗೇ ಮಾಡುತ್ತಿತ್ತು.

ಮೈದಾನದಲ್ಲಿ ಯಾರೂ ಎಣಿಸದೆ ನಾವು ಒಟ್ಟಿಗೆ ಎಳೆದದ್ದು ಹೇಗೆ ಅಂತ ಆಗ ಹೊಳೆಯಿತು. ಲೋಡಿಂಗಿನವರು ಒಬ್ಬೊಬ್ಬರೂ ಆನೆಯ ಹಾಗಿದ್ದಾರೆ, ನಿಜ. ಆದರೆ ಅವರ ಕೆಲಸವೇ ಅಂಥದ್ದು, ಒಂದು ಪೆಟ್ಟಿಗೆಗೆ ಒಬ್ಬ ಮನುಷ್ಯ, ಅವನ ಉಸಿರು ಅವನದು. ನಾವೆಂಟು ಜನ ದಿನವೆಲ್ಲ ಒಂದೇ ಉಸಿರಲ್ಲಿ ಹಿಂದಕ್ಕೆ ಎಳೆಯುವವರು. ದೊಡ್ಡಕ್ಕನಿಗೆ ಹೇಳಿದೆ. ಅವರು ತಮ್ಮ ಕಾಲನ್ನೇ ನೋಡಿಕೊಂಡು, ಇರಬಹುದು, ಆದರೆ ಇದನ್ನು ಹೇಳಿದರೆ ಯಾರು ನಂಬುತ್ತಾರೆ, ನಿನ್ನ ಗಂಡನ ಬಾಯಿಂದಲೇ ಬರಬೇಕು ಅಂದರು. ಟ್ರೋಫಿಯನ್ನು ನನ್ನ ಚೀಲಕ್ಕೆ ಹಾಕಿ, ಸೋಮವಾರ ನೀನೇ ಕೊಟ್ಟುಬಿಡು ಅಂದರು.

ಭಾನುವಾರ ಬೆಳಿಗ್ಗೆ ಸಕ್ಕರೆ ಅಂಟಿದ ಆ ಟ್ರೋಫಿಯನ್ನು ಮೇಜಿನ ಮೇಲಿಟ್ಟೆ. ಬಕೆಟ್ಟಿನಲ್ಲಿ ಸಾಬೂನು ನೀರು ಮಾಡಿದೆ. ಪುಟ್ಟಿಯನ್ನು ಕರೆಯದೆ, ಆ ವಾರದಲ್ಲಿ ಮೊದಲ ಸಲ ನೇರವಾಗಿ ಇವರಿಗೇ ಹೇಳಿದೆ. ನಿಮ್ಮ ಟ್ರೋಫಿ ನಾಳೆ ನಿಮಗೆ ವಾಪಸು, ನೀವೇ ತೊಳೆದುಕೊಳ್ಳಿ. ಇವರು ಟ್ರೋಫಿ ನೋಡಿದರು, ಬಕೆಟ್ಟು ನೋಡಿದರು. ಆಮೇಲೆ ಎರಡೂ ಕೈಗಳನ್ನು ನೀರಿನಲ್ಲಿ ಮುಳುಗಿಸಿದರು.

ಇವರ ಕಣ್ಣಲ್ಲಿ ನೀರು ತುಂಬಿತು. ಆದರೂ ಹಿಡಿಕೆ, ಅಂಚು, ತಳ, ಎಲ್ಲ ತಿಕ್ಕಿದರು. ನಾನೇ ತಡೆಯಲಾರದೆ ಕೈ ಹಿಡಿದು ಮೇಲಕ್ಕೆತ್ತಿದೆ. ಅಮ್ಮಾ, ಅಂಗೈ ಅನ್ನುವುದು ಅಲ್ಲಿ ಇರಲಿಲ್ಲ. ಹಗ್ಗ ಓಡಿದ ಜಾಗದಲ್ಲಿ ಚರ್ಮ ಸುಲಿದು, ದಿನವೂ ಪೆಟ್ಟಿಗೆ ಎತ್ತಿ ಎತ್ತಿ ಒಣಗದೆ ಹಸಿಯಾಗಿಯೇ ಉಳಿದಿತ್ತು. ಹಗ್ಗ ಬಿಟ್ಟವರ ಕೈ ಹೀಗಾಗುವುದಿಲ್ಲ. ಬಿದ್ದ ಮೇಲೂ ಬಿಡದೆ ಹಿಡಿದವರ ಕೈ ಮಾತ್ರ ಹೀಗಾಗುತ್ತದೆ. ಇವರ ಮುನಿಸೆಲ್ಲ ಅಂಗೈ ಬೇಕಾಗುವ ಕೆಲಸಗಳಿಗೆ ಮಾತ್ರ ಯಾಕಿತ್ತು ಅಂತ ಅಷ್ಟರಲ್ಲಿ ನನಗೂ ಅರ್ಥವಾಗಿತ್ತು.

ಬಿಡಲಿಲ್ಲ ತಾನೇ ಅಂತ ಕೇಳಿದೆ. ಇಲ್ಲ ಅಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಅಂದೆ. ಒಂದೊಂದೇ ಮಾತು ಬಂತು. ಹೆಂಡತಿಗೆ ಬಿಟ್ಟುಕೊಟ್ಟ ಅಂದರೆ ಒಂದು ದಿನ ನಕ್ಕು ಮರೆಯುತ್ತಾರೆ, ನಿಜವಾಗಿ ಸೋತೆವು ಅಂದರೆ ಎಂಟು ಜನಾನೂ ವರ್ಷವೆಲ್ಲ ತಲೆ ತಗ್ಗಿಸಬೇಕು, ಅದಕ್ಕೇ ಹುಡುಗರು ಆ ಮಾತು ಹಿಡಿದುಕೊಂಡರು, ನಾನು ಬಿಡಿಸಲಿಲ್ಲ ಅಂದರು. ನಿನಗೂ ಒಳಗೊಳಗೇ ಖುಷಿಯಾಗುತ್ತೆ ಅಂದುಕೊಂಡೆ ಅಂದರು. ನೀನೂ ಹಾಗೇ ಕೇಳಿದ ಮೇಲೆ, ಇವಳಿಗೂ ನಾನು ಎಳೆದದ್ದು ಕಾಣಲಿಲ್ಲವಲ್ಲ ಅಂತ ಬೇಜಾರಾಯಿತು ಅಂದರು.

ನನಗೆ ಅಳುವೂ ಬಂತು, ಮೈಯೆಲ್ಲ ಉರಿಯಿತು. ನಿಮ್ಮ ಮಾನ ಉಳಿಸಿಕೊಳ್ಳಲು ನನ್ನ ಗೆಲುವನ್ನು ನನಗೇ ಉಡುಗೊರೆ ಕೊಟ್ಟಿರಾ, ಯಾರು ಕೇಳಿದ್ದರು ನಿಮ್ಮ ಉಡುಗೊರೆ ಅಂತ ಜೋರಾಗಿಯೇ ಅಂದೆ. ಸೋತವರು ಸೋತೆ ಅನ್ನದೇ ಹೋದರೆ ಗೆದ್ದವರು ಎಲ್ಲಿಗೆ ಹೋಗಬೇಕು? ಪುಟ್ಟಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿತ್ತು. ಒಳಗೆ ಓಡಿ ಮುಲಾಮು ತಂದು ಮೇಜಿನ ಮೇಲಿಟ್ಟು, ಮೊದಲು ಅಪ್ಪನ ಕೈ, ಆಮೇಲೆ ಜಗಳ ಅಂದಿತು.

ಹಚ್ಚಿದೆ. ಬೈಯುತ್ತಲೇ ಹಚ್ಚಿದೆ. ಬಟ್ಟೆ ಸುತ್ತಿ ಮುಗಿದ ಮೇಲೆ ಇವರು ಬೆರಳ ತುದಿಗಳಲ್ಲಿ ನನ್ನ ಕೈ ಹಿಡಿದರು. ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿದರು, ಇನ್ನೊಂದನ್ನೂ ನೋಡಿದರು. ಎರಡನ್ನೂ ಮೆಲ್ಲಗೆ ಮಡಚಿ ನನಗೇ ವಾಪಸು ಕೊಟ್ಟರು. ಮಧ್ಯಾಹ್ನ ತೊಟ್ಟಿಯ ತಟ್ಟೆಗಳನ್ನೆಲ್ಲ ನಾನು ತೊಳೆದೆ, ಇವರು ಮೊಣಕೈಯಲ್ಲಿ ಒತ್ತಿ ಒತ್ತಿ ಒರೆಸಿದರು. ಎರಡು ತಟ್ಟೆ ಒಡೆದವು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ನಾನು ಟ್ರೋಫಿ ಹಿಡಿದುಕೊಂಡು ಕ್ಯಾಂಟೀನಿಗೆ ಹೋದೆ. ಲೋಡಿಂಗಿನವರ ಮೇಜಿನಲ್ಲಿ ಗುಡುಗು ಹಲ್ಲು ಕಿರಿದು, ಬಂತು ನೋಡ್ರೋ ತವರಿಗೆ ಅಂದ. ಇವರು ಎದ್ದು ನಿಂತರು. ಗ್ಲೌಸು ತೆಗೆದರು, ಕೈಗೆ ಸುತ್ತಿದ್ದ ಬಟ್ಟೆಯನ್ನೂ ಬಿಚ್ಚಿದರು, ಎರಡೂ ಅಂಗೈಗಳನ್ನು ಗುಡುಗಿನ ತಟ್ಟೆಯ ಪಕ್ಕ ಮೇಜಿನ ಮೇಲೆ ಬಿಡಿಸಿಟ್ಟರು. ನೋಡ್ರಪ್ಪ, ಬಿಟ್ಟ ಕೈ ಹೀಗಿರಲ್ಲ, ಎಳೆದಿದ್ದೀನಿ, ಎಲ್ಲರೂ ಎಳೆದಿದ್ದೀರಿ, ಸೋತಿದ್ದೀವಿ, ಟ್ರೋಫಿ ಅವರದು ಅಂದರು. ಲೋಡಿಂಗಿನವರೆಲ್ಲ ಗ್ಲೌಸಿನ ಕೈಲಿ ಹಿಡಿದಿದ್ದ ಚಮಚ ಕೆಳಗಿಟ್ಟರು. ಗುಡುಗು ತಲೆ ತಗ್ಗಿಸಿ ತನ್ನ ಗ್ಲೌಸನ್ನೇ ನೋಡುತ್ತಿದ್ದ. ಇವರು ಕೈ ತೆಗೆಯದೆ ಕಾದರು. ಕೊನೆಗೆ ಅವನೂ ತೆಗೆದ. ಅವನ ಕೈಯೂ ಸುಲಿದು ಕೆಂಪಾಗಿತ್ತು. ಆಮೇಲೆ ಒಬ್ಬೊಬ್ಬರದೇ ಗ್ಲೌಸು ಬಂತು. ಎಂಟೂ ಜನ ಒಂದು ವಾರ ಪೂರ್ತಿ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಓಡಾಡಿದ್ದರು ಅಮ್ಮಾ, ಒಬ್ಬೊಬ್ಬನೂ ತಾನೊಬ್ಬನೇ ಪೂರ್ತಿ ಎಳೆದು ಸೋತವನು ಅಂದುಕೊಂಡು. ಮ್ಯಾನೇಜರ್ ಅಭಿನಂದನೆಯ ನೋಟೀಸನ್ನು ಮೆಲ್ಲಗೆ ಕಿತ್ತುಕೊಂಡು ಹೋದರು.

ದೊಡ್ಡಕ್ಕ ಬಂದು ಲೋಡಿಂಗಿನವರ ಕೈಗಳ ಪಕ್ಕ ತಮ್ಮ ಕೈ ಇಟ್ಟು, ನಮ್ಮದೂ ನೋಡಿ ಅಂದರು. ನಮ್ಮ ಹೆಂಗಸರೆಲ್ಲ ಸುತ್ತ ಸೇರಿ ಕೈ ಚಾಚಿದರು. ಯಾರ ಗಾಯ ದೊಡ್ಡದು ಅಂತ ಅಲ್ಲೇ ಇನ್ನೊಂದು ಪಂದ್ಯ ಶುರುವಾಯಿತು. ನಾನು ಎರಡೂ ಕೈಯಲ್ಲಿ ಟ್ರೋಫಿ ಅಪ್ಪಿಕೊಂಡು ನಿಂತಿದ್ದೆ. ಈಗ ಅದು ಮತ್ತೆ ಬೆಲ್ಟಿನ ಪಕ್ಕದ ಗೂಡಿನಲ್ಲಿದೆ, ಸಕ್ಕರೆ ತುಂಬಿಕೊಂಡು. ಲೋಡಿಂಗಿನವರು ಮುಂದಿನ ವರ್ಷ ನೋಡ್ಕೋತೀವಿ ಅನ್ನುತ್ತಲೇ ಅದರಿಂದ ಎರಡೆರಡು ಚಮಚ ಜಾಸ್ತಿ ಹಾಕಿಕೊಳ್ಳುತ್ತಾರೆ. ಬೆಲ್ಟಿನ ಟಕ್ಕಿನ ಗುಟ್ಟು ನಾವು ಹೇಳಿಲ್ಲ. ನೀನೂ ಅಳಿಯಂದಿರ ಮುಂದೆ ಬಾಯಿ ಬಿಡಬೇಡ.

ಪುಟ್ಟಿಯ ಜಡೆ ಇನ್ನೂ ವಕ್ರವೇ. ಬರುವ ವಾರದ ಹೊತ್ತಿಗೆ ಕೈ ಒಣಗುತ್ತದೆ ಅಂತ ಇವರು ಅವಳಿಗೆ ಮಾತು ಕೊಟ್ಟಿದ್ದಾರೆ. ನಿನ್ನ ಮಂಡಿ ನೋವು ಹೇಗಿದೆ ಬರಿ. ಅಣ್ಣ, ಅತ್ತಿಗೆಗೆ ಕೇಳಿದೆ ಅಂತ ಹೇಳು.

ನಿನ್ನ,
ಲಂಗ ಸಾಲದ ಮಗಳು

ಮರೆತ ಮಾತು: ಮರೆತದ್ದೇನಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ನನ್ನ ಅಂಗೈಗೆ ಏನೂ ಆಗಿರಲಿಲ್ಲ ಅಂತ ಮೇಲೆ ಬರೆದಿದ್ದೇನೆ. ಅದು ಚರ್ಮ ದಪ್ಪವಾಗಿದ್ದಕ್ಕಲ್ಲ. ಇವರ ಕಾಲು ಜಾರತೊಡಗಿದ್ದು ಹಗ್ಗದ ಈ ತುದಿಯಿಂದ ನನಗೇ ಮೊದಲು ಕಂಡಿದ್ದು. ಆ ಮುಖ ನೋಡಿ ನನ್ನ ಕೈ ತಾನಾಗಿ ಹಗ್ಗ ಬಿಟ್ಟುಬಿಟ್ಟಿತು. ಸೊಂಟಕ್ಕೆ ಗಂಟು ಹಾಕಿದ್ದರಿಂದ ಯಾರಿಗೂ ತಿಳಿಯಲಿಲ್ಲ, ಉಳಿದ ಏಳು ಜನ ಗೆದ್ದರು, ನಾನು ಕಟ್ಟಿಸಿಕೊಂಡಿದ್ದೆ ಅಷ್ಟೆ. ಅದಕ್ಕೇ ಇರಬೇಕು, ಮನೆಗೆ ಬಂದು ಇವರನ್ನೇ ಆ ಪ್ರಶ್ನೆ ಕೇಳಿದ್ದು. ಭಾನುವಾರ ಇವರು ನನ್ನ ಎರಡೂ ಅಂಗೈ ನೋಡಿದರು ಅಂದೆನಲ್ಲ. ಅಷ್ಟು ನೋಡಿಯೂ ಮರುದಿನ ಎಲ್ಲರೆದುರು ಹೋಗಿ, ಟ್ರೋಫಿ ಅವರದು ಅಂದರು. ಕೇಳಲು ನನಗೆ ಧೈರ್ಯವಿಲ್ಲ, ಹೇಳಲು ಅವರಿಗೆ ಮನಸ್ಸಿಲ್ಲ. ಈ ವಿಷಯ ನಿನಗೊಬ್ಬಳಿಗೇ ಬರೆಯಲು ಕಾರಣವಿದೆ. ಪಕ್ಕದ ಮನೆಯ ಟೀಚರಮ್ಮನನ್ನು ಇಸ್ಪೀಟಿನಲ್ಲಿ ಒಂದು ಸಲವೂ ಗೆಲ್ಲಲು ಬಿಡದ ನೀನು, ಅಷ್ಟು ಭಾನುವಾರ ಅಪ್ಪನ ಹತ್ತಿರ ಹೇಗಮ್ಮಾ ಸೋಲುತ್ತಿದ್ದೆ? ಅಪ್ಪನಿಗೆ ಗೊತ್ತಿತ್ತಾ?